ಚಿತ್ರದಲ್ಲಿ ಕಾಣದ ಧೂಳು

ಹೊಸ ಲ್ಯಾಪ್‌ಟಾಪ್ ಮಾರುಕಟ್ಟೆಗೆ ಬರುವ ಮುನ್ನವೇ ಅದರ ಚಿತ್ರಗಳು ಸೋರಿಕೆಯಾಗುವುದು ಈಗ ವಾಡಿಕೆ. ಎಷ್ಟು ತೆಳು, ಎಷ್ಟು ಪೋರ್ಟು ಎಂಬ ಊಹೆಯಲ್ಲಿ ಯಾದಗಿರಿಯ ಕಾಲೇಜು ವಿದ್ಯಾರ್ಥಿಗಳೂ ಪಾಲುಗೊಳ್ಳುತ್ತಾರೆ. ಈ ಕುತೂಹಲವನ್ನು ನಾನು ಹಳಿಯಲಾರೆ. ಊಹೆ ಎಷ್ಟೋ ಸಲ ನಿಜವಾಗುತ್ತದೆ. 2021ರ ಏಪ್ರಿಲ್‌ನಲ್ಲಿ ತೈವಾನಿನ ಕ್ವಾಂಟಾ ಕಂಪನಿಯಿಂದ ಕಳುವಾದ ನಕ್ಷೆಗಳು, ಆಪಲ್‌ನ ಮ್ಯಾಕ್‌ಬುಕ್ ಪ್ರೊಗೆ ಎಚ್‌ಡಿಎಂಐ ಪೋರ್ಟು ಮರಳಲಿದೆಯೆಂದು ತೋರಿಸಿದ್ದವು. ಅಕ್ಟೋಬರಿನಲ್ಲಿ ಹಾಗೆಯೇ ಆಯಿತು.

ಆದರೆ ಬಳಸುವವರಿಗೆ ಮುಖ್ಯವಾದುದು ಚಿತ್ರ ಹೇಳದ ಸಂಗತಿ. 2015ರ ಮ್ಯಾಕ್‌ಬುಕ್ ಅತಿ ತೆಳುವಾಗಿರುತ್ತದೆ, ಅದಕ್ಕೆ ಒಂದೇ ಪೋರ್ಟು ಎಂಬುದು ಆ ಜನವರಿಯಲ್ಲೇ ಬಯಲಾಗಿತ್ತು. ತೆಳುವಾಗಿಸಲೆಂದು ಅಳವಡಿಸಿದ ಹೊಸ ಬಗೆಯ ಕೀಲಿಮಣೆಯೊಳಗೆ ಧೂಳಿನ ಕಣ ಹೊಕ್ಕರೆ ಕೀಲಿ ಕೈಕೊಡುತ್ತದೆ ಎಂಬುದು ತಿಳಿದದ್ದು ಕೊಂಡ ಮೇಲೆ. 2018ರ ಜೂನ್‌ನಲ್ಲಿ ಕಂಪನಿ ಉಚಿತ ದುರಸ್ತಿ ಘೋಷಿಸಿತು. 2019ರ ನವೆಂಬರಿನಲ್ಲಿ ಹಳೆಯ ಬಗೆಯ ಕೀಲಿಮಣೆಯತ್ತ ಹೊರಳಿತು.

ಶಹಾಪುರ, ಸುರಪುರಗಳ ಎರೆನೆಲದಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಕಿಟಕಿ ಮುಚ್ಚಿದರೂ ಧೂಳು ಒಳಬರುತ್ತದೆ. ಸಾಲ ಮಾಡಿ ಮಗಳಿಗೆ ಲ್ಯಾಪ್‌ಟಾಪ್ ಕೊಡಿಸುವ ಇಲ್ಲಿನ ತಂದೆಗೆ ತೆಳುತನಕ್ಕಿಂತ ಬೇರೆ ಪ್ರಶ್ನೆಗಳಿವೆ. ಕೀಲಿಯೊಂದು ಕೆಟ್ಟರೆ ಅದನ್ನಷ್ಟೇ ಬದಲಿಸಬಹುದೇ, ಇಡೀ ಮೇಲ್ಭಾಗಕ್ಕೆ ಹಣ ತೆರಬೇಕೇ? ಬ್ಯಾಟರಿ ಸೋತರೆ ಊರಿನಲ್ಲೇ ಹಾಕಿಸಬಹುದೇ, ಕಲಬುರಗಿಗೆ ಹೊತ್ತೊಯ್ಯಬೇಕೇ?

ಚಿತ್ರ ನೋಡಿ ಆಸೆಪಡುವುದರಲ್ಲಿ ತಪ್ಪಿಲ್ಲ. ಹಣ ಎಣಿಸುವುದನ್ನು ಮಾತ್ರ, ಆ ಯಂತ್ರ ನಮ್ಮ ಕಡೆಯ ಒಂದು ಬೇಸಿಗೆಯನ್ನು ದಾಟುವವರೆಗೆ ತಡೆಹಿಡಿಯುವುದು ಲೇಸು.