ಹಳೇ ಗಾಡಿ: ಕೊಡೋದಾ, ಇಟ್ಟುಕೊಳ್ಳೋದಾ?

ಮಾರಿದ ಗಾಡಿಯನ್ನು ಕಂಪನಿಯೇ ವಾಪಸ್ ಕೊಳ್ಳುತ್ತದೆಯೇ? ಅಮೆರಿಕದಲ್ಲಿ ಹೀಗೆ ನಡೆದಿದೆ. ತಿಳಿಯೋಣ ಬನ್ನಿ.

ಟಕೋಮಾ ಎಂಬುದು ಟೊಯೋಟಾ ಕಂಪನಿಯ ಸಣ್ಣ ಟ್ರಕ್ಕು. ಅಲ್ಲಿನ ಚಳಿ ಸೀಮೆಯಲ್ಲಿ ರಸ್ತೆ ಮೇಲೆ ಹಿಮ ಬೀಳುತ್ತದೆ. ಅದನ್ನು ಕರಗಿಸಲು ಉಪ್ಪು ಹಾಕುತ್ತಾರೆ. ಉಪ್ಪುನೀರು ತಗುಲಿದ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. 1995ರಿಂದ 2000ದವರೆಗಿನ ಟಕೋಮಾ ಗಾಡಿಗಳ ಚಾಸಿಗೆ ತುಕ್ಕು ತಡೆಯುವ ಲೇಪ ಸಾಲದಾಗಿತ್ತು. ಎಷ್ಟೋ ಚಾಸಿಗಳು ತೂತು ಬಿದ್ದವು.

2008ರಲ್ಲಿ ಕಂಪನಿ ಹೇಳಿತು: "ಚಾಸಿ ತೂತಾದ ಗಾಡಿ ಕೊಡಿ. ಚೆನ್ನಾಗಿರುವ ಗಾಡಿಯ ಬೆಲೆಗೆ ಒಂದೂವರೆ ಪಟ್ಟು ಕೊಡುತ್ತೇವೆ." ಅಂದರೆ 4000 ಡಾಲರ್ ಬೆಲೆ ಇದ್ದರೆ 6000 ಡಾಲರ್.

ಕೊಡಬೇಕೇ, ಬೇಡವೇ? ಇಂಜಿನ್ ಚೆನ್ನಾಗಿದೆ, ಅನ್ನ ಕೊಟ್ಟ ಗಾಡಿ ಅಂತ ಮನಸ್ಸು ಎಳೆಯುತ್ತದೆ. ಆದರೆ ಚಾಸಿ ಗಾಡಿಯ ಬೆನ್ನುಮೂಳೆ. ಓಡುವಾಗ ಅದು ಮುರಿದರೆ ಪ್ರಾಣಕ್ಕೇ ಅಪಾಯ.

ಇಂಥ ಹೊತ್ತಿನಲ್ಲಿ ಮೂರು ವಿಷಯ ಕೇಳಬೇಕು. ತುಕ್ಕು ಎಷ್ಟು ಆಳಕ್ಕೆ ಹೋಗಿದೆ? ರಿಪೇರಿಗೆ ಎಷ್ಟು ಆಗುತ್ತೆ? ಕೊಡುವ ಹಣಕ್ಕೆ ಬೇರೆ ಒಳ್ಳೇ ಗಾಡಿ ಸಿಗುತ್ತಾ?

ಚಾಸಿ ತೂತಾಗಿದ್ದರೆ ಕೊಡುವುದೇ ಲೇಸು. ಗಾಡಿ ಮತ್ತೆ ಕೊಳ್ಳಬಹುದು, ಜೀವ ಕೊಳ್ಳಲಾಗದು. ಆದರೆ ಕಂಪನಿ ಕೊಟ್ಟ ಕಾಗದವನ್ನು ಮೊದಲು ಪೂರ್ತಿ ಓದೋಣ. ಆಮೇಲೆ ಸಹಿ ಹಾಕೋಣ.