ಸಿಗ್ನಲ್ ದೀಪ ಮಿನುಗುವುದೇಕೆ?

ಭಾನುವಾರದ ಬಲಿಪೂಜೆಗೆ ಹೊರಟಾಗ ಸರ್ಕಲ್‌ನಲ್ಲಿ ಹಳದಿ ದೀಪ ಮಿನುಗುತ್ತಿದ್ದರೆ, 'ಸಿಗ್ನಲ್ ಇಲ್ಲ' ಎಂದು ವೇಗ ಹೆಚ್ಚಿಸುವವರಿದ್ದಾರೆ. ಆದರೆ ಅದು ಎಚ್ಚರಿಕೆಯ ಸೂಚನೆ.

ಸಿಗ್ನಲ್ ಪೆಟ್ಟಿಗೆಯಲ್ಲಿ ದೀಪಗಳನ್ನು ನಡೆಸುವ ಉಪಕರಣದ ಜೊತೆಗೆ ಅದನ್ನು ಕಾಯುವ ವ್ಯವಸ್ಥೆಯೂ ಇರುತ್ತದೆ. ಪ್ರತಿ ದೀಪಕ್ಕೆ ಹರಿಯುವ ವಿದ್ಯುತ್ತನ್ನು ಅದು ಸದಾ ಗಮನಿಸುತ್ತದೆ. ಅಡ್ಡ ಹಾಯುವ ಎರಡು ರಸ್ತೆಗಳಿಗೆ ಒಟ್ಟಿಗೆ ಹಸಿರು ಬಂದರೆ ಅಥವಾ ಕೆಂಪು ದೀಪ ಉರಿಯದಿದ್ದರೆ, ಸುಮಾರು 1 ಸೆಕೆಂಡಿನೊಳಗೆ ಸರದಿ ನಿಲ್ಲಿಸಿ ದೀಪಗಳನ್ನು ಮಿನುಗಿಸುತ್ತದೆ. ಜಾಲಕ್ಕೆ ಸೇರಿದ ಸಿಗ್ನಲ್ ಆದರೆ ಸುದ್ದಿ ನಿಯಂತ್ರಣ ಕೊಠಡಿಗೂ ತಲುಪುತ್ತದೆ.

ಹಳೆಯ ಸಿಗ್ನಲ್‌ಗಳಲ್ಲಿ ಈ ಕಾವಲು ಇಲ್ಲದಿರಬಹುದು. ಎರಡೂ ಕಡೆ ಹಸಿರು ಕಂಡರೆ ಬಳ್ಳಾರಿಯಲ್ಲಾಗಲಿ ಮಂಗಳೂರಿನಲ್ಲಾಗಲಿ 112ಕ್ಕೆ ತಿಳಿಸೋಣ.

ಮಿನುಗುವ ಕೆಂಪಿಗೆ ನಿಂತು, ನೋಡಿ ಹೋಗೋಣ; ಹಳದಿಗೆ ನಿಧಾನಿಸೋಣ. ಧರ್ಮೋಪದೇಶಕ್ಕೆ ಬರುವ ನಮ್ಮ ಮಕ್ಕಳು ರಸ್ತೆ ದಾಟುವುದೂ ಅಲ್ಲಿಯೇ.