ಕಾನ್‌ಬಾನ್ ಫಲಕ

ಕಾನ್‌ಬಾನ್ ಫಲಕವು ಒಂದು ತಂಡದ ಕೆಲಸಗಳು ಯಾವ ಯಾವ ಹಂತದಲ್ಲಿವೆ ಎಂಬುದನ್ನು ಎಲ್ಲ ಸದಸ್ಯರಿಗೂ ಕಾಣುವಂತೆ ತೋರಿಸುವ ಯೋಜನಾ ನಿರ್ವಹಣಾ ಸಾಧನವಾಗಿದೆ. ಪುಸ್ತಕ ಪ್ರಕಾಶನ, ನಾಟಕ, ಚಲನಚಿತ್ರ, ವಿನ್ಯಾಸ ಮೊದಲಾದ ಸೃಜನಶೀಲ ಕೆಲಸಗಳಲ್ಲಿ ಯಾವ ಭಾಗಕ್ಕೆ ಎಷ್ಟು ಕಾಲ ಬೇಕೆಂದು ಮುಂಚಿತವಾಗಿ ಹೇಳುವುದು ಕಷ್ಟ. ಆದುದರಿಂದ ಪ್ರತಿ ಕೆಲಸಕ್ಕೂ ದಿನ ಗೊತ್ತುಪಡಿಸುವ ವೇಳಾಪಟ್ಟಿಗಿಂತ ಈ ಫಲಕವು ಇಂತಹ ತಂಡಗಳಿಗೆ ಹೆಚ್ಚು ಹೊಂದಿಕೊಳ್ಳುತ್ತದೆ.

ಇತಿಹಾಸ

ಜಪಾನಿ ಭಾಷೆಯಲ್ಲಿ 'ಕಾನ್‌ಬಾನ್' ಎಂದರೆ ಸೂಚನಾ ಫಲಕ. ಟೊಯೋಟಾ ಕಾರ್ಖಾನೆಯ ಎಂಜಿನಿಯರ್ ತಾಯಿಚಿ ಓನೊ ಅವರು ಎರಡನೆಯ ಮಹಾಯುದ್ಧದ ನಂತರ ಈ ಪದ್ಧತಿಯನ್ನು ರೂಪಿಸಿದರು. ಮುಂದಿನ ಹಂತದಿಂದ ಬೇಡಿಕೆಯ ಚೀಟಿ ಬಂದ ನಂತರವೇ ಹಿಂದಿನ ಹಂತದವರು ಬಿಡಿಭಾಗಗಳನ್ನು ತಯಾರಿಸುವುದು ಇದರ ಮೂಲತತ್ತ್ವ. 2000ದ ದಶಕದಲ್ಲಿ ಡೇವಿಡ್ ಜೆ. ಆಂಡರ್ಸನ್ ಅವರು ಇದನ್ನು ತಂತ್ರಾಂಶ ತಂಡಗಳಿಗೆ ಅಳವಡಿಸಿದರು. 2011ರಲ್ಲಿ ಬಿಡುಗಡೆಯಾದ ಟ್ರೆಲೊ ಜಾಲತಾಣವು ಇಂತಹ ಫಲಕವನ್ನು ಜನಸಾಮಾನ್ಯರಿಗೂ ಪರಿಚಯಿಸಿತು. ವೀಕ್ಯಾನ್, ಕ್ಯಾನ್‌ಬೋರ್ಡ್ ಮೊದಲಾದ ಮುಕ್ತ ತಂತ್ರಾಂಶಗಳೂ ಲಭ್ಯವಿವೆ.

ಕಾರ್ಯವಿಧಾನ

ಫಲಕವನ್ನು 'ಮಾಡಬೇಕಾದುದು', 'ನಡೆಯುತ್ತಿರುವುದು', 'ಮುಗಿದುದು' ಎಂಬಂತೆ ಕಂಬಸಾಲುಗಳಾಗಿ ವಿಂಗಡಿಸಲಾಗುತ್ತದೆ. ಒಂದೊಂದು ಕೆಲಸಕ್ಕೂ ಒಂದು ಚೀಟಿ ಇರುತ್ತದೆ. ಕೆಲಸ ಮುಂದುವರಿದಂತೆ ಚೀಟಿಯನ್ನು ಮುಂದಿನ ಸಾಲಿಗೆ ಸರಿಸಲಾಗುತ್ತದೆ. ನಡುವಿನ ಸಾಲುಗಳಲ್ಲಿ ಏಕಕಾಲಕ್ಕೆ ಎಷ್ಟು ಚೀಟಿಗಳಿರಬಹುದು ಎಂಬ ಮಿತಿಯೇ ಈ ಪದ್ಧತಿಯ ಜೀವಾಳ. ಮಿತಿಯಿಲ್ಲದ ಫಲಕವು ಬರಿಯ ಪಟ್ಟಿಯಾಗಿ ಉಳಿಯುತ್ತದೆ.

ಈ ಮಿತಿಯ ಹಿಂದಿನ ಲೆಕ್ಕವನ್ನು ಜಾನ್ ಲಿಟಲ್ ಅವರು 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರವು ವಿವರಿಸುತ್ತದೆ. ಕೈಯಲ್ಲಿರುವ ಕೆಲಸಗಳ ಸರಾಸರಿ ಸಂಖ್ಯೆಯನ್ನು ವಾರಕ್ಕೆ ಮುಗಿಯುವ ಕೆಲಸಗಳ ಸಂಖ್ಯೆಯಿಂದ ಭಾಗಿಸಿದರೆ, ಒಂದು ಕೆಲಸಕ್ಕೆ ಹಿಡಿಯುವ ಸರಾಸರಿ ವಾರಗಳು ದೊರೆಯುತ್ತವೆ. 12 ಕೆಲಸಗಳು ಕೈಯಲ್ಲಿದ್ದು ವಾರಕ್ಕೆ 3 ಮುಗಿದರೆ ಪ್ರತಿಯೊಂದಕ್ಕೂ 4 ವಾರ ಬೇಕು. ಅದೇ ವೇಗದಲ್ಲಿ 6 ಕೆಲಸಗಳನ್ನಷ್ಟೇ ಹಿಡಿದುಕೊಂಡರೆ 2 ವಾರ ಸಾಕು.

ಉದಾಹರಣೆ

ಬೀದರ್ ಜಿಲ್ಲೆ ಬಸವಕಲ್ಯಾಣ ತಾಲ್ಲೂಕಿನ ಮಂಠಾಳದಲ್ಲಿ ಯುವಕರ ತಂಡವೊಂದು ಬಸವ ಜಯಂತಿಗೆ ಸ್ಮರಣ ಸಂಚಿಕೆ ಹೊರತರಲು ಹೊರಟಿದೆ ಎಂದು ಭಾವಿಸೋಣ. ಜಯಂತಿಯು ವೈಶಾಖ ಶುದ್ಧ ತದಿಗೆಯಂದೇ ಬರುವುದರಿಂದ ಬಿಡುಗಡೆಯ ದಿನವನ್ನು ಮುಂದೂಡಲಾಗದು. ಲೇಖನಗಳ ಸಂಖ್ಯೆ, ಕ್ರಮಗಳನ್ನು ಮಾತ್ರ ಬದಲಿಸಬಹುದು. ಗೋಡೆಯ ಮೇಲೆ ಬರವಣಿಗೆ, ಕರಡು ತಿದ್ದುವಿಕೆ, ಪುಟವಿನ್ಯಾಸ, ಮುದ್ರಣ ಎಂಬ ಸಾಲುಗಳನ್ನು ಬರೆದು, ಕರಡಿನ ಸಾಲಿಗೆ ಮೂರು ಚೀಟಿಗಳ ಮಿತಿ ಇಟ್ಟರೆ, ಆ ಸಾಲು ತುಂಬಿದ ಕೂಡಲೇ ಅಡಚಣೆ ಎಲ್ಲಿದೆ ಎಂಬುದು ತಿಳಿಯುತ್ತದೆ. ಆಗ ಲೇಖಕರು ಹೊಸ ಲೇಖನ ಆರಂಭಿಸುವ ಬದಲು ಕರಡು ತಿದ್ದಲು ನೆರವಾಗಬೇಕು. ಇದಕ್ಕೆ ಅಂತರಜಾಲದ ಅಗತ್ಯವಿಲ್ಲ. ಗೋಡೆ, ಕಾಗದ, ಗೋಂದು ಸಾಕು.

ಕನ್ನಡದಲ್ಲಿ ಇದೇ ಬಗೆಯ ವ್ಯವಸ್ಥೆ

ಕನ್ನಡ ವಿಕಿಸೋರ್ಸ್‌ನಲ್ಲಿ ಹಳೆಯ ಪುಸ್ತಕಗಳ ಪುಟಗಳನ್ನು ಸ್ವಯಂಸೇವಕರು ತಿದ್ದುವಾಗ ಪುಟದ ಹಂತವನ್ನು ಬಣ್ಣ ಸೂಚಿಸುತ್ತದೆ. ಕೆಂಪು ಎಂದರೆ ಇನ್ನೂ ಪರಿಶೀಲಿಸದ ಪುಟ, ಹಳದಿ ಎಂದರೆ ಒಮ್ಮೆ ತಿದ್ದಿದ ಪುಟ, ಹಸಿರು ಎಂದರೆ ಎರಡನೆಯ ವ್ಯಕ್ತಿ ಒಪ್ಪಿದ ಪುಟ. ತಾನೇ ತಿದ್ದಿದ ಪುಟವನ್ನು ಅದೇ ವ್ಯಕ್ತಿ ಹಸಿರಾಗಿಸಲು ವ್ಯವಸ್ಥೆ ಬಿಡುವುದಿಲ್ಲ. ಇದು ಪೂರ್ಣ ಕಾನ್‌ಬಾನ್ ಅಲ್ಲ, ಏಕೆಂದರೆ ಇಲ್ಲಿ ಕೆಲಸಗಳ ಸಂಖ್ಯೆಗೆ ಮಿತಿಯಿಲ್ಲ. ಆದರೂ ಯಾರೂ ಯಾರಿಗೂ ಕೆಲಸ ಹಂಚದೆ, ಬಿಡುವಿದ್ದವರು ತಮಗೆ ಬೇಕಾದ ಪುಟವನ್ನು ಎತ್ತಿಕೊಂಡು ಇಡೀ ಪುಸ್ತಕವನ್ನು ಮುಗಿಸಬಹುದೆಂಬುದಕ್ಕೆ ಇದು ನಿದರ್ಶನ.

ಮಿತಿಗಳು

ಫಲಕವು ಕೆಲಸದ ಚಲನೆಯನ್ನು ತೋರಿಸುತ್ತದೆಯೇ ಹೊರತು ಗುಣಮಟ್ಟವನ್ನಲ್ಲ. ಯಾರು ಎಷ್ಟು ಚೀಟಿ ಸರಿಸಿದರು ಎಂದು ಎಣಿಸತೊಡಗಿದರೆ, ಸದಸ್ಯರು ಸುಲಭದ ಕೆಲಸಗಳನ್ನೇ ಆರಿಸಿಕೊಳ್ಳುವ, ಅರೆಬರೆ ಕೆಲಸವನ್ನೂ ಮುಗಿದುದೆಂದು ತೋರಿಸುವ ಅಪಾಯವಿದೆ. ಒಂದರ ನಂತರ ಒಂದು ನಿಶ್ಚಿತ ಕ್ರಮದಲ್ಲೇ ನಡೆಯಬೇಕಾದ ಕಟ್ಟಡ ನಿರ್ಮಾಣದಂತಹ ಯೋಜನೆಗಳಿಗೆ, ಕೆಲಸಗಳ ಪರಸ್ಪರ ಅವಲಂಬನೆಯನ್ನು ತೋರಿಸುವ ಗ್ಯಾಂಟ್ ನಕ್ಷೆಯು ಹೆಚ್ಚು ಸೂಕ್ತ.